ಹುಣಸೆಹಣ್ಣು ತಾಗದ ರೂಪಾಯಿ: ಗ್ರೇಡ್ ಆದ ಹಳೆಯ ನಾಣ್ಯಗಳಲ್ಲಿ ಯಾವುದನ್ನು ಆರಿಸಬೇಕು?

ನಮ್ಮ ಕೋಲಾರ ಸೀಮೆಯ ಮನೆಗಳಲ್ಲಿ ಬೆಳ್ಳಿಯ ರೂಪಾಯಿ ಇರುವುದು ದೇವರ ಪೆಟ್ಟಿಗೆಯಲ್ಲಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅದನ್ನು ಹೊರಗೆ ತೆಗೆಯುತ್ತಾರೆ, ನೆನೆಸಿದ ಹುಣಸೆಹಣ್ಣಿನಲ್ಲಿ ಉಜ್ಜುತ್ತಾರೆ, ವಿಭೂತಿ ಹಚ್ಚಿ ತಿಕ್ಕುತ್ತಾರೆ, ಫಳಫಳ ಹೊಳೆಯುವ ಹಾಗೆ ಮಾಡಿ ಕಳಶದ ಮುಂದೆ ಇಡುತ್ತಾರೆ. ನನ್ನ ಅಜ್ಜಿಯ ಬಳಿ 1840ರ ವಿಕ್ಟೋರಿಯಾ ರೂಪಾಯಿಗಳು ಐದಿದ್ದವು. ಅವು ನನ್ನ ಕೈಗೆ ಬಂದಾಗ ದೊಡ್ಡ ಸಿರಿ ಬಂತೆಂದು ಹಿಗ್ಗಿ ಬೆಂಗಳೂರಿನ ಒಬ್ಬ ವ್ಯಾಪಾರಿಗೆ ತೋರಿಸಿದೆ. ಅವರು ಭೂತಗನ್ನಡಿಯಲ್ಲಿ ಒಂದನ್ನು ನೋಡಿದರು, ಉಳಿದ ನಾಲ್ಕನ್ನು ಬರಿಗಣ್ಣಿನಲ್ಲೇ ನೋಡಿ ಮೇಜಿನ ಮೇಲಿಟ್ಟರು. "ತೊಳೆದ ಮಾಲು, ಬೆಳ್ಳಿಯ ಬೆಲೆಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ" ಎಂದರು. ಪೂಜೆಗೆ ಆ ರೂಪಾಯಿಗಳು ಇಂದಿಗೂ ಶ್ರೇಷ್ಠ, ಅಜ್ಜಿ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಗ್ರಹಕಾರನ ಕಣ್ಣಿಗೆ ನಾಣ್ಯದ ಮೈ ಮುಖ್ಯ, ಅದರ ಹೊಳಪಲ್ಲ ಎಂಬ ಪಾಠ ನನಗೆ ಅಂದು ಶುರುವಾಯಿತು.

ಈಗ ನಮ್ಮ ಕಡೆಯ ಅನೇಕ ಹೊಸಬರು ನೇರವಾಗಿ ಗ್ರೇಡ್ ಆದ, ಅಂದರೆ ಪರೀಕ್ಷೆಯಾಗಿ ಸ್ಥಿತಿಗೆ ತಕ್ಕ ಅಂಕ ಪಡೆದು ಪ್ಲಾಸ್ಟಿಕ್ ಪೆಟ್ಟಿಗೆ ಸೇರಿದ ನಾಣ್ಯಗಳನ್ನೇ ಕೊಳ್ಳುತ್ತಿದ್ದಾರೆ. ಒಳ್ಳೆಯದೇ. ಆದರೆ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದಿ, ಒಳಗಿನ ನಾಣ್ಯವನ್ನು ನೋಡದೆ ಹಣ ಎಣಿಸುವುದನ್ನು ಕಂಡಾಗ ಸಂಕಟವಾಗುತ್ತದೆ. ಒಂದೇ ಹಣಕ್ಕೆ ಎರಡು ನಾಣ್ಯಗಳು ಎದುರಿಗಿದ್ದರೆ ಯಾವುದನ್ನು ಎತ್ತಿಕೊಳ್ಳಬೇಕು ಎಂಬುದನ್ನು, ನಾನು ಪೆಟ್ಟು ತಿಂದು ಕಲಿತಷ್ಟನ್ನು, ಇಲ್ಲಿ ಬರೆಯುತ್ತೇನೆ.

ಅಂಕಿ ಹೇಳುವುದೇನು

ನಾಣ್ಯಗಳಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು ವಿಲಿಯಂ ಶೆಲ್ಡನ್ ಎಂಬವರು 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ರೂಪಿಸಿದರು. 70 ಅಂಕದ ನಾಣ್ಯಕ್ಕೆ 1 ಅಂಕದ ನಾಣ್ಯದ ಎಪ್ಪತ್ತರಷ್ಟು ಬೆಲೆ ಎಂಬುದು ಅವರ ಲೆಕ್ಕ. ಬೆಲೆಯ ಆ ಲೆಕ್ಕ ಬಹಳ ಕಾಲ ನಿಲ್ಲಲಿಲ್ಲ, ಅಂಕಿ ಉಳಿಯಿತು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಅಮೆರಿಕದ ಸಂಸ್ಥೆಗಳು ಆರಂಭವಾದವು. ನಾಣ್ಯವನ್ನು ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಹಾಕುವ ಕೆಲಸದಲ್ಲಿ ಇಂದು ಇವೆರಡರ ಮಾತಿಗೆ ಹೆಚ್ಚು ತೂಕ. ಆ ಪ್ಲಾಸ್ಟಿಕ್ ಪೆಟ್ಟಿಗೆಯನ್ನೇ ನಾವು ಸ್ಲ್ಯಾಬ್ ಎನ್ನುವುದು.

ಎಂಎಸ್ ಎಂಬ ಅಕ್ಷರದೊಂದಿಗೆ 60ರಿಂದ 70ರವರೆಗಿನ ಅಂಕವಿದ್ದರೆ ಅದು ಚಲಾವಣೆಯ ಸವೆತ ಕಾಣದ ನಾಣ್ಯ. ಎಯು 50ರಿಂದ 58 ಎಂದರೆ ಸವೆತ ಬಹಳ ಕಡಿಮೆ, ಎತ್ತರದ ಜಾಗಗಳಲ್ಲಿ ಮಾತ್ರ. 40 ಮತ್ತು 45 ಎಕ್ಸ್‌ಎಫ್, 20ರಿಂದ 35 ವಿಎಫ್, ಹೀಗೆ ಇಳಿಯುತ್ತಾ ಹೋಗುತ್ತದೆ. ಪಿಎಫ್ ಅಥವಾ ಪಿಆರ್ ಎಂದಿದ್ದರೆ ಅದು ಪ್ರೂಫ್, ಅಂದರೆ ವಿಶೇಷವಾಗಿ ನಯಗೊಳಿಸಿದ ಅಚ್ಚಿನಿಂದ ಹೊಡೆದದ್ದು. ಅದು ನಾಣ್ಯ ತಯಾರಾದ ಬಗೆಯನ್ನು ಹೇಳುವ ಮಾತೇ ಹೊರತು ಅದರ ಸ್ಥಿತಿಯನ್ನಲ್ಲ.

ಇದು ನಮಗೆ ಹೊಸದೇನೂ ಅಲ್ಲ. ಹಿಂದೆ ಚಿನಿವಾರರು ನಾಣ್ಯವನ್ನು ಒರೆಗೆ ಹಚ್ಚಿ, ತೂಗಿ, ಸಾಚಾ ಎಂದು ಕಂಡರೆ ಅಂಚಿನ ಬಳಿ ತಮ್ಮ ಸಣ್ಣ ಗುರುತನ್ನು ಒತ್ತುತ್ತಿದ್ದರು. ವರಹಗಳ ಮೇಲೆ, ಬೆಳ್ಳಿ ರೂಪಾಯಿಗಳ ಮೇಲೆ ಇಂಥ ಗುರುತುಗಳನ್ನು ಈಗಲೂ ನೋಡಬಹುದು. ಅಂದು ಭರವಸೆಯಾಗಿದ್ದ ಆ ಗುರುತೇ ಇಂದಿನ ಗ್ರೇಡಿಂಗ್‌ನಲ್ಲಿ ನಾಣ್ಯಕ್ಕೆ ಆದ ಗಾಯವಾಗಿ ಎಣಿಕೆಯಾಗುತ್ತದೆ. ವರಹಗಳ ವಿಷಯದಲ್ಲಿ ನನ್ನ ನಿಲುವು ಬೇರೆ. ಪೇಟೆಯಲ್ಲಿ ಕೈಯಿಂದ ಕೈಗೆ ಓಡಾಡಿದ ಒಂದು ವರಹದ ಮೇಲೆ ಒಬ್ಬ ಚಿನಿವಾರನ ಚಿಕ್ಕ ಮುದ್ರೆ ಇದ್ದರೆ ನಾನು ಅದನ್ನು ಬಿಡುವುದಿಲ್ಲ. ಆದರೆ ಮಾರುವಾಗ ಬೆಲೆ ಕಡಿಮೆಯಾಗುತ್ತದೆ ಎಂಬುದನ್ನು ತಿಳಿದುಕೊಂಡೇ ಕೊಳ್ಳಬೇಕು.

58 ಒಂದು ಕಡೆ, 62 ಇನ್ನೊಂದು ಕಡೆ

ಹೊಸಬರು ಎಡವುವುದು ಇಲ್ಲಿ. 62 ದೊಡ್ಡದು, 58 ಚಿಕ್ಕದು, ಆದ್ದರಿಂದ 62 ಚೆನ್ನಾಗಿರಬೇಕು ಎಂದುಕೊಳ್ಳುತ್ತಾರೆ. ನಾನು ನೋಡಿದ ಎಷ್ಟೋ ಜೋಡಿಗಳಲ್ಲಿ 58ರ ನಾಣ್ಯವೇ ಸುಂದರವಾಗಿತ್ತು. ಕಾರಣ ಸರಳ. ಟಂಕಸಾಲೆಯಿಂದ ನಾಣ್ಯಗಳು ಚೀಲಗಳಲ್ಲಿ ಹೊರಟು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಸವೆತವಿಲ್ಲದಿದ್ದರೂ ರಾಜನ ಕೆನ್ನೆಯ ಮೇಲೆ, ಚಿತ್ರವಿಲ್ಲದ ಬಯಲಿನಲ್ಲಿ ಗೀರು ಗಾಯಗಳು ತುಂಬಿದ್ದರೆ ಅದು 60ರಿಂದ 62. ಇನ್ನೊಂದು ನಾಣ್ಯ ನಾಲ್ಕು ದಿನ ಯಾರದೋ ಜೇಬಿನಲ್ಲಿದ್ದು ಎತ್ತರದ ಭಾಗ ಎಳ್ಳಷ್ಟು ಮಾಸಿದೆ, ಉಳಿದ ಮೈಯೆಲ್ಲ ಸ್ವಚ್ಛ, ಮೂಲ ಹೊಳಪು ಹಾಗೆಯೇ ಇದೆ. ಅದು 58. ಮೊದಲಿನದಕ್ಕೆ ಬೆಲೆ ಹೆಚ್ಚು, ಎರಡನೆಯದಕ್ಕೆ ಚೆಲುವು ಹೆಚ್ಚು. ನನ್ನ ಹಣವಾದರೆ ಎರಡನೆಯದಕ್ಕೇ ಹೋಗುತ್ತದೆ.

ನೋಡುವ ಬಗೆಯನ್ನು ಹೇಳುತ್ತೇನೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ಮೇಜಿನ ದೀಪದ ಕೆಳಗೆ ಸ್ಲ್ಯಾಬನ್ನು ನಿಧಾನವಾಗಿ ಓರೆ ಮಾಡಿ ತಿರುಗಿಸಿ. ಮೂಲ ಮಿಂಚು ಇರುವ ನಾಣ್ಯದಲ್ಲಿ ಬೆಳಕು ಗಾಲಿಯ ಕಡ್ಡಿಗಳ ಹಾಗೆ ಸುತ್ತುತ್ತದೆ. ಆ ಸುತ್ತು ಕೆನ್ನೆಯ ಮೇಲೋ ಕಿವಿಯ ಮೇಲಿನ ಕೂದಲಿನಲ್ಲೋ ಕಡಿದು ಬೂದಿಯಾದರೆ ಅಲ್ಲಿ ಸವೆತ ಇದೆ. ತೊಳೆದ ನಾಣ್ಯದಲ್ಲಿ ಬೆಳಕು ಸುತ್ತುವುದೇ ಇಲ್ಲ, ಎಲ್ಲ ಕಡೆಯಿಂದ ಒಂದೇ ಸಮನೆ ಬೆಳ್ಳಗೆ ಹೊಡೆಯುತ್ತದೆ, ಭೂತಗನ್ನಡಿ ಹಿಡಿದರೆ ಒಂದೇ ದಿಕ್ಕಿಗೆ ಸಾಗಿದ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಅಜ್ಜಿಯ ರೂಪಾಯಿಗಳಲ್ಲಿ ಇದ್ದದ್ದು ಇದೇ. ಐದನೇ ಜಾರ್ಜ್‌ನ ರೂಪಾಯಿಯಾದರೆ ಕಿರೀಟದ ಹರಳುಗಳನ್ನೂ ಎದೆಯ ಮೇಲಿನ ಪದಕದ ಆನೆಯನ್ನೂ ನೋಡಿ. ಏಳನೇ ಎಡ್ವರ್ಡ್‌ನ ತಲೆಯ ಮೇಲೆ ಕಿರೀಟವಿಲ್ಲ, ಕಿವಿಯ ಮೇಲಿನ ಕೂದಲು ಮೊದಲು ಸವೆಯುತ್ತದೆ.

ಅಚ್ಚಿನ ಹೊಡೆತವೂ ಮುಖ್ಯ. ಸವೆಯದಿದ್ದರೂ ಹೊಡೆತ ದುರ್ಬಲವಾಗಿದ್ದರೆ ಆನೆಯ ಸೊಂಡಿಲು ಮೂಡಿರುವುದೇ ಇಲ್ಲ. ಒಂದೇ 63 ಅಂಕದ ಎರಡು ನಾಣ್ಯಗಳಲ್ಲಿ ಒಂದರ ಗೆರೆಗಳು ಚುರುಕಾಗಿ, ಇನ್ನೊಂದರವು ಮಂಕಾಗಿ ಇರಬಹುದು. ಬೆಲೆಪಟ್ಟಿ ಈ ವ್ಯತ್ಯಾಸವನ್ನು ಕಾಣುವುದಿಲ್ಲ, ನಾವೇ ಕಾಣಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರ್‌ಗಳು ಒಂದು ಹಿಡಿ ಗೂಡು ಎತ್ತಿ, ಒತ್ತಿ ನೋಡಿ, ಕಿವಿಯ ಬಳಿ ಅಲ್ಲಾಡಿಸಿ, ಆಮೇಲೆ ಬೆಲೆ ಕೂಗುವುದನ್ನು ನೋಡಿದವರಿಗೆ ನನ್ನ ಮಾತು ತಿಳಿಯುತ್ತದೆ. ಎದುರಿಗಿರುವ ರಾಶಿಯನ್ನು ಮುಟ್ಟದೆ ಅವರು ಬಾಯಿ ತೆರೆಯುವುದಿಲ್ಲ.

ಕಲೆಯಾದ ನಾಣ್ಯವೋ, ಸವೆದ ನಾಣ್ಯವೋ

ಸ್ಲ್ಯಾಬಿನ ಮೇಲೆ ಅಂಕಿಯ ಬದಲು ಡೀಟೇಲ್ಸ್ ಎಂದು ಬರೆದಿದ್ದರೆ ನಾಣ್ಯ ಅಸಲಿ, ಆದರೆ ಅದಕ್ಕೆ ಏನೋ ಆಗಿದೆ ಎಂದರ್ಥ. ತೊಳೆದಿದ್ದಾರೆ, ಗೀರಿದ್ದಾರೆ, ತೂತು ಮುಚ್ಚಿದ್ದಾರೆ, ಇಲ್ಲವೇ ಆಭರಣದಿಂದ ಬಿಚ್ಚಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಕೊನೆಯದೇ ಹೆಚ್ಚು. ಕೆಜಿಎಫ್ ಕಡೆಯ ಹಳೆಯ ಮನೆತನಗಳಲ್ಲಿ ಬ್ರಿಟಿಷರ ಚಿನ್ನದ ನಾಣ್ಯಗಳಾದ ಸವರನ್‌ಗಳಿವೆ, ಕಾಸಿನ ಸರಗಳಿವೆ. ಸವರನ್‌ನ ತೂಕ 7.99 ಗ್ರಾಂ, 22 ಕ್ಯಾರೆಟ್ ಚಿನ್ನ. ಮೊದಲನೆಯ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಮುಂಬಯಿಯಲ್ಲೂ ಸವರನ್‌ಗಳು ಅಚ್ಚಾದವು, ಅವುಗಳ ಮೇಲೆ ಸಣ್ಣ ಐ ಅಕ್ಷರವಿದೆ. ಸಂಗ್ರಹಕಾರರಿಗೆ ಅವು ಪ್ರಿಯ. ಆದರೆ ಕೊಂಡಿಯನ್ನು ಬೆಸೆದು ಆಮೇಲೆ ಅರೆದು ತೆಗೆದಿದ್ದರೆ ಅಂಚಿನ ಹಲ್ಲುಗಳು ಆ ಜಾಗದಲ್ಲಿ ಕರಗಿರುತ್ತವೆ. ಸ್ಲ್ಯಾಬಿನ ಪ್ಲಾಸ್ಟಿಕ್ ಅಂಚಿನ ಒಂದು ಭಾಗವನ್ನು ಮುಚ್ಚಿಕೊಂಡಿರುವುದರಿಂದ ಅದು ಸುಲಭವಾಗಿ ಕಾಣಿಸದು, ಹನ್ನೆರಡು ಗಂಟೆಯ ಜಾಗದಲ್ಲಿ ವಿಶೇಷವಾಗಿ ಹುಡುಕಿ.

ಎಯು ಡೀಟೇಲ್ಸ್ ನಾಣ್ಯವೊಂದು, ವಿಎಫ್ 30 ನಾಣ್ಯವೊಂದು, ಬೆಲೆ ಒಂದೇ. ಯಾವುದು? ಸಾಮಾನ್ಯ ವರ್ಷದ ನಾಣ್ಯವಾದರೆ ಯೋಚಿಸದೆ ವಿಎಫ್ 30. ಅದು ಜನರ ಕೈಯಲ್ಲಿ ಪ್ರಾಮಾಣಿಕವಾಗಿ ಸವೆದಿದೆ, ಬೂದು ಬಣ್ಣ ತಾನಾಗಿ ಬಂದಿದೆ, ಮಾರುವಾಗಲೂ ಕೊಳ್ಳುವವರು ಸಿಗುತ್ತಾರೆ. ತೀರಾ ಅಪರೂಪದ ನಾಣ್ಯವಾದರೆ ಮಾತ್ರ ಡೀಟೇಲ್ಸ್ ಕಡೆ ನೋಡಬಹುದು. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಹೊಡೆಸಿದ ಬಹದ್ದೂರಿ ವರಹ ನನ್ನ ಬಳಿ ಒಂದಿದೆ. ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ಹೈದರನ ಹೆಸರಿನ ಮೊದಲ ಪಾರ್ಸಿ ಅಕ್ಷರ. ಯಾವುದೋ ತಾಯಿ ಅದನ್ನು ಸರದಲ್ಲಿ ಪೋಣಿಸಿದ್ದಳು, ಅಂಚಿನಲ್ಲಿ ಬೆಸುಗೆಯ ಗುರುತಿದೆ. ಗಾಯವಿಲ್ಲದ ವರಹಕ್ಕೆ ನನ್ನ ಕೈಯಲ್ಲಿ ಹಣವಿರಲಿಲ್ಲ. ಬೆಸುಗೆಯ ಗುರುತಿಗೆ ತಕ್ಕ ಹಾಗೆ ಬೆಲೆ ಇಳಿದಿದ್ದರಿಂದ ಕೊಂಡೆ, ಇಂದಿಗೂ ಸಂತೋಷವಿದೆ.

"ಜಗತ್ತಿನಲ್ಲಿ ಎರಡೇ ಇವೆ"

ಗ್ರೇಡಿಂಗ್ ಸಂಸ್ಥೆಗಳು ತಾವು ಯಾವ ನಾಣ್ಯಕ್ಕೆ ಯಾವ ಅಂಕವನ್ನು ಎಷ್ಟು ಬಾರಿ ಕೊಟ್ಟಿದ್ದೇವೆ ಎಂಬ ಲೆಕ್ಕ ಇಡುತ್ತವೆ. ಮಾರುವವರು ಇದನ್ನು ತೋರಿಸಿ "65ರಲ್ಲಿ ಎರಡೇ ಇವೆ, ಇದಕ್ಕಿಂತ ಮೇಲಿನದು ಇಲ್ಲ" ಎನ್ನುತ್ತಾರೆ. ಅಮೆರಿಕದ ಡಾಲರ್ ನಾಣ್ಯಗಳಿಗೆ ಈ ಲೆಕ್ಕದಲ್ಲಿ ಅರ್ಥವಿದೆ, ಏಕೆಂದರೆ ಅಲ್ಲಿ ದಶಕಗಳಿಂದ ರಾಶಿ ರಾಶಿ ನಾಣ್ಯಗಳು ಪರೀಕ್ಷೆಗೆ ಹೋಗಿವೆ. ನಮ್ಮ ನಾಣ್ಯಗಳಲ್ಲಿ ಬಹುಪಾಲು ಇನ್ನೂ ದೇವರ ಪೆಟ್ಟಿಗೆಗಳಲ್ಲಿವೆ, ಮದುವೆಯ ಸೀರೆಗಳ ನಡುವೆ ಇವೆ. ಎರಡೇ ಇವೆ ಎಂದರೆ ಎರಡೇ ಪರೀಕ್ಷೆಗೆ ಹೋಗಿವೆ ಎಂದಷ್ಟೇ ಅರ್ಥ. 1918, 1919ರ ಜಾರ್ಜ್ ರೂಪಾಯಿಗಳು ಕೋಟಿಗಟ್ಟಲೆ ಅಚ್ಚಾದವು. ಅಂಥದ್ದಕ್ಕೆ 65 ಅಂಕವಿದೆ ಎಂದು ಅತಿಯಾದ ಬೆಲೆ ಕೊಟ್ಟರೆ, ಮುಂದೆ ಇನ್ನೂ ಹತ್ತು ಪೆಟ್ಟಿಗೆಗಳು ತೆರೆದಾಗ ನಿಮ್ಮ ಅಪರೂಪ ಕರಗಿಹೋಗುತ್ತದೆ. ಆ ರೂಪಾಯಿಯಲ್ಲಿರುವ ಬೆಳ್ಳಿ ಎಷ್ಟೆಂದು ಲೆಕ್ಕ ಹಾಕಿ: ತೂಕ 11.66 ಗ್ರಾಂ, ಶುದ್ಧತೆ ಶೇ. 91.7, ಅಂದರೆ 10.69 ಗ್ರಾಂ ಶುದ್ಧ ಬೆಳ್ಳಿ. ಅದರ ಮೇಲೆ ನೀವು ಕೊಡುತ್ತಿರುವುದೆಲ್ಲ ಸ್ಥಿತಿಗೆ ಕೊಡುವ ಬೆಲೆ.

ಅದೇ ಹಣ ಕೈಯಲ್ಲಿದ್ದರೆ ನಾನು ನಿಜವಾಗಿ ಅಪರೂಪವಾದ ವರ್ಷದ, ನಡುಮಟ್ಟದ ನಾಣ್ಯವನ್ನು ಹುಡುಕುತ್ತೇನೆ. 1911ರ ರೂಪಾಯಿಯನ್ನು ನೋಡಿ. ಜಾರ್ಜ್‌ನ ಎದೆಯ ಆನೆಯ ಸೊಂಡಿಲು ಮೊಟಕಾಗಿ ಹಂದಿಯ ಹಾಗೆ ಕಂಡಿತೆಂದು ಜನ ಬೇಸರಪಟ್ಟರು, ಸರ್ಕಾರ ಆ ನಾಣ್ಯಗಳನ್ನು ಹಿಂತೆಗೆದುಕೊಂಡು ಕರಗಿಸಿ 1912ರಿಂದ ಆನೆಯನ್ನು ತಿದ್ದಿಸಿತು. ಎಕ್ಸ್‌ಎಫ್ ಮಟ್ಟದ 1911 ನನಗೆ 65ರ 1918ಕ್ಕಿಂತ ಮೇಲು. ಆರನೇ ಜಾರ್ಜ್‌ನ 1939ರ ರೂಪಾಯಿ ಇನ್ನೂ ವಿರಳ, ಅದಕ್ಕೇ ನಕಲಿಯೂ ಹೆಚ್ಚು. 1938ರ ನಾಣ್ಯದ ಕೊನೆಯ ಅಂಕಿಯನ್ನು ತಿದ್ದಿ 9 ಮಾಡುತ್ತಾರೆ. 1940ರಿಂದ ಬೆಳ್ಳಿಯನ್ನು ಶೇ. 50ಕ್ಕೆ ಇಳಿಸಿ ಅಂಚಿಗೆ ಭದ್ರತೆಯ ಗುರುತು ಹಾಕಿದ್ದರಿಂದ, ಅಂಥ ಅಂಚುಳ್ಳ 1939 ಕಂಡರೆ ಅಲ್ಲಿಂದ ಎದ್ದುಬನ್ನಿ. 1939ನ್ನು ಸ್ಲ್ಯಾಬ್ ಇಲ್ಲದೆ ಕೊಳ್ಳಲೇಬೇಡಿ. ಗ್ರೇಡಿಂಗ್‌ಗೆ ಕೊಡುವ ಹಣ ಪೂರ್ತಿ ಸಾರ್ಥಕವಾಗುವುದು ಇಂಥ ಕಡೆ, ಅಂಕಿಗಿಂತ ಅಸಲಿ ಎಂಬ ಮಾತಿಗಾಗಿ.

ಪ್ರೂಫ್‌ಗಳಲ್ಲಿ ಇನ್ನೊಂದು ಎಚ್ಚರ. ಮುಂಬಯಿ ಮತ್ತು ಕಲ್ಕತ್ತದ ಟಂಕಸಾಲೆಗಳು ಹಳೆಯ ಅಚ್ಚುಗಳಿಂದ ಸಂಗ್ರಹಕಾರರಿಗಾಗಿ ಮತ್ತೆ ಪ್ರೂಫ್ ನಾಣ್ಯಗಳನ್ನು ಹೊಡೆದುಕೊಟ್ಟ ಕಾಲವೊಂದಿತ್ತು, ಇಪ್ಪತ್ತನೆಯ ಶತಮಾನದಲ್ಲೂ ಬಹಳ ವರ್ಷ ಅದು ನಡೆಯಿತು. ಸ್ಲ್ಯಾಬಿನ ಮೇಲೆ ರಿಸ್ಟ್ರೈಕ್ ಎಂಬ ಪದ ಇದೆಯೇ ಎಂದು ಓದಿ. 64ರ ರಿಸ್ಟ್ರೈಕ್ ಸಹ ಸೊಗಸಾದ ವಸ್ತುವೇ, ಆದರೆ 62ರ ಮೂಲ ಪ್ರೂಫ್‌ನ ಜೊತೆ ಅದರ ಬೆಲೆಯನ್ನು ಹೋಲಿಸುವ ಹಾಗಿಲ್ಲ. ಗಣರಾಜ್ಯದ ಕಾಲದ ಸ್ಮಾರಕ ನಾಣ್ಯಗಳಲ್ಲಿ 69, 70 ಅಂಕಗಳಿಗೆ ಹೆಚ್ಚು ಹಣ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅವು ಪೆಟ್ಟಿಗೆಯಿಂದಲೇ ಹೊಸದಾಗಿ ಬಂದವು, ಎತ್ತರದ ಅಂಕ ಅವುಗಳಿಗೆ ಸಹಜ.

ಆನೆ ಕಾಸಿಗೆ ಈ ಅಳತೆ ಸಾಲದು

ಟಿಪ್ಪುವಿನ ತಾಮ್ರದ ಕಾಸುಗಳನ್ನು ಕೈಯಿಂದ ಹೊಡೆದದ್ದು. ತಗಡು ಒಂದು ಆಕಾರ, ಅಚ್ಚು ಒಂದು ಆಕಾರ. ಆನೆಯ ಬಾಲವೋ ಸೊಂಡಿಲೋ ತಗಡಿನ ಹೊರಗೆ ಹೋಗಿರುತ್ತದೆ. ಇಂಥ ನಾಣ್ಯಕ್ಕೆ ಎಕ್ಸ್‌ಎಫ್ 45 ಎಂದು ಬರೆದರೆ ಸವೆತ ಕಡಿಮೆ ಎಂದು ಮಾತ್ರ ತಿಳಿಯುತ್ತದೆ. ನಾನು ನೋಡುವುದು ಬೇರೆಯದನ್ನು. ಆನೆ ಪೂರ್ತಿ ಇದೆಯೇ? ಟಂಕಸಾಲೆಯ ಹೆಸರು ಓದಲು ಬರುತ್ತದೆಯೇ? ವರ್ಷ ಉಳಿದಿದೆಯೇ? ಟಿಪ್ಪುವಿನ ಮೌಲೂದಿ ಶಕೆಯ ಅಂಕಿಗಳು ಬಲದಿಂದ ಎಡಕ್ಕೆ ಸಾಗುತ್ತವೆ, ಅದನ್ನು ಓದಲು ಕಲಿತರೆ ಅರ್ಧ ಕೆಲಸ ಆದಂತೆ. ಪಟ್ಟಣ ಎಂದು ಬರೆದ ಶ್ರೀರಂಗಪಟ್ಟಣದ ಕಾಸುಗಳು ಬೇಕಾದಷ್ಟು ಸಿಗುತ್ತವೆ, ಚಿತ್ರದುರ್ಗದ್ದು, ಗುತ್ತಿಯದು ಅಷ್ಟು ಸುಲಭವಲ್ಲ. ವಿಎಫ್ 25ರ ಚಿತ್ರದುರ್ಗದ ಕಾಸಿನಲ್ಲಿ ಹೆಸರೂ ವರ್ಷವೂ ಪೂರ್ತಿ ಇದ್ದರೆ, ಅಕ್ಷರ ಕತ್ತರಿಸಿಹೋದ ಎಕ್ಸ್‌ಎಫ್ 45ರ ಪಟ್ಟಣದ ಕಾಸನ್ನು ಬದಿಗಿಡಿ. ಹಸಿರು ಕಿಲುಬು ಗಟ್ಟಿಯಾಗಿ ಕೂತು ನಯವಾಗಿದ್ದರೆ ಚಿಂತೆಯಿಲ್ಲ, ಪುಡಿಪುಡಿಯಾಗಿ ತಿಳಿಹಸಿರಾಗಿದ್ದರೆ ಸ್ಲ್ಯಾಬಿನೊಳಗೂ ಅದು ನಾಣ್ಯವನ್ನು ತಿನ್ನುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸುಗಳಿಗೂ ಇದೇ ಕ್ರಮ. ಅಲ್ಲಿ ನಮ್ಮ ಕನ್ನಡ ಅಕ್ಷರಗಳೇ ಇವೆ, ಅವು ಸ್ಪಷ್ಟವಾಗಿದ್ದರೆ ಅಂಕಿ ಒಂದು ಮೆಟ್ಟಿಲು ಇಳಿದರೂ ನನಗೆ ಬೇಸರವಿಲ್ಲ.

ಕೊಳ್ಳುವ ಮುನ್ನ

ಸ್ಲ್ಯಾಬ್‌ಗಳನ್ನೂ ನಕಲು ಮಾಡುತ್ತಾರೆ. ಸಂಸ್ಥೆಯ ಜಾಲತಾಣದಲ್ಲಿ ಕ್ರಮಸಂಖ್ಯೆಯನ್ನು ಹಾಕಿ ನೋಡಿದರೆ ಸಾಲದು, ನಕಲಿಗಾರರು ನಿಜವಾದ ಸಂಖ್ಯೆಯನ್ನೇ ಕದ್ದು ಅಚ್ಚು ಹಾಕುತ್ತಾರೆ. ಅಲ್ಲಿ ಚಿತ್ರವಿದ್ದರೆ ನಿಮ್ಮ ಕೈಯಲ್ಲಿರುವ ನಾಣ್ಯದ ಒಂದೊಂದು ಚುಕ್ಕೆ, ಒಂದೊಂದು ಗೀರನ್ನು ಅದರೊಂದಿಗೆ ಹೊಂದಿಸಿ. ಕೆಲವು ವರ್ಷಗಳ ಹಿಂದೆ ಹೆಸರೇ ಕೇಳದ ಸಂಸ್ಥೆಯೊಂದರ 66 ಅಂಕದ ರೂಪಾಯಿಯನ್ನು ನಾನು ಕೊಂಡೆ, ಚಿತ್ರದಲ್ಲಿ ಕಣ್ಣು ಕೋರೈಸುತ್ತಿತ್ತು. ಕೈಗೆ ಬಂದ ಮೇಲೆ ದೀಪದ ಕೆಳಗೆ ಹಿಡಿದೆ. ಬೆಳಕು ಸುತ್ತಲಿಲ್ಲ. ಪಾಲಿಶ್ ಮಾಡಿದ ನಾಣ್ಯ. ಸಂಸ್ಥೆಯ ಮಾತಿಗೆ ಮಾರುಕಟ್ಟೆ ಬೆಲೆ ಕೊಡದಿದ್ದರೆ ಸ್ಲ್ಯಾಬ್ ಬರೀ ಪ್ಲಾಸ್ಟಿಕ್.

ನಿಮ್ಮ ಮನೆಯ ನಾಣ್ಯವನ್ನು ಗ್ರೇಡ್ ಮಾಡಿಸಬೇಕೆಂದರೆ ಕಾನೂನು ತಿಳಿದಿರಲಿ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡ್ ಕಾಲದ ಎಲ್ಲವೂ ಇದರಲ್ಲಿ ಬರುತ್ತವೆ. "ಅಮೆರಿಕದಲ್ಲಿರುವ ನಮ್ಮ ನೆಂಟರ ಕೈಯಲ್ಲಿ ಕಳಿಸಿ ಸ್ಲ್ಯಾಬ್ ಮಾಡಿಸಿಕೊಡುತ್ತೇನೆ" ಎನ್ನುವವರಿಗೆ ನಾಣ್ಯ ಕೊಡಬೇಡಿ. ಹೊಲ ಉಳುವಾಗ ಸಿಕ್ಕ ನಾಣ್ಯಗಳಾದರೆ ಅವು ನಿಧಿ ಕಾಯಿದೆಗೆ ಒಳಪಡುತ್ತವೆ, ಮೊದಲು ಜಿಲ್ಲಾಡಳಿತಕ್ಕೆ ತಿಳಿಸಬೇಕು. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಕರೆಗಳು ವಂಚನೆ. ತನ್ನ ಹೆಸರು ಹೇಳಿಕೊಂಡು ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಬೆಲೆಯ ವಿಷಯದಲ್ಲಿ ಬೆಲೆಪಟ್ಟಿಯನ್ನು ನಾನು ಕೊನೆಗೆ ನೋಡುತ್ತೇನೆ. ಅದು ಕನ್ನಡಿಯೊಳಗಿನ ಗಂಟು. ಅದೇ ವರ್ಷ, ಅದೇ ಟಂಕಸಾಲೆ, ಅದೇ ಅಂಕದ ನಾಣ್ಯ ಕಳೆದ ಒಂದೆರಡು ವರ್ಷಗಳ ಹರಾಜುಗಳಲ್ಲಿ ಎಷ್ಟಕ್ಕೆ ಹೋಗಿದೆ ಎಂದು ಮೂರು ನಾಲ್ಕು ಉದಾಹರಣೆ ಹುಡುಕಿ. ಕೂಗಿನ ಬೆಲೆಯ ಮೇಲೆ ಹರಾಜು ಸಂಸ್ಥೆಯ ಶುಲ್ಕ, ತೆರಿಗೆ ಸೇರುತ್ತವೆ, ಅದನ್ನೂ ಕೂಡಿಸಿ. ಮಾರುವವರನ್ನು ನೇರವಾಗಿ ಕೇಳಿ: "ನಾಳೆ ಇದನ್ನೇ ತಂದುಕೊಟ್ಟರೆ ನೀವು ಎಷ್ಟು ಕೊಡುತ್ತೀರಿ?" ಒಳ್ಳೆಯ ವ್ಯಾಪಾರಿ ಅಂಕಿ ಹೇಳುತ್ತಾನೆ. ಸಾಮಾನ್ಯ ನಾಣ್ಯವನ್ನು ಗ್ರೇಡ್ ಮಾಡಿಸುವ ಮೊದಲು ಶುಲ್ಕ, ಸಾಗಣೆ, ವಿಮೆ ಎಲ್ಲ ಕೂಡಿಸಿ. ನಾಣ್ಯದ ಬೆಲೆ ಅದರ ನಾಲ್ಕರಷ್ಟಾದರೂ ಇಲ್ಲದಿದ್ದರೆ ನಾನು ಕಳುಹಿಸುವುದಿಲ್ಲ, ಒಳ್ಳೆಯ ಹೋಲ್ಡರ್‌ನಲ್ಲಿ ಹಾಕಿ ಇಡುತ್ತೇನೆ. ಹೋಲ್ಡರ್ ಪಿವಿಸಿಯದಾಗಿರಬಾರದು, ಅದು ವರ್ಷಗಳಲ್ಲಿ ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ.

ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇಟ್ಟಿದ್ದೇನೆ: ಎಲ್ಲಿ ಕೊಂಡೆ, ಎಷ್ಟಕ್ಕೆ, ಏಕೆ ಆರಿಸಿದೆ, ಮಾರುವುದಾದರೆ ಎಂಥವರಿಗೆ ತೋರಿಸಬೇಕು. ಮಕ್ಕಳಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಎಲ್ಲ ಚೀಟಿಗಳ ಕೊನೆಯ ಸಾಲು ಒಂದೇ, ತೊಳೆಯಬೇಡಿ ಎಂದು. ಅಜ್ಜಿಯ ಐದು ರೂಪಾಯಿಗಳಿಗೆ ಮಾತ್ರ ಚೀಟಿ ಇಲ್ಲ. ಅವು ಈ ವರ್ಷವೂ ಹಬ್ಬಕ್ಕೆ ಹುಣಸೆಹಣ್ಣಿನ ನೀರು ಕಂಡವು.